ರೀಸ್ಟಾರ್ಟ್ ಅಂದ್ರ ರಿಪೇರಿ ಅಲ್ರೀ ಸಾಹೇಬ್ರ!

ಎಬಿಸಿಡಿ ಕಲಿಯದ ನಮ್ಮ ಯಾದಗಿರಿ ಸೀಮೆಯ ಅಜ್ಜ-ಅಜ್ಜಿಯರಿಗೂ ಈಗ ಎರಡು ಇಂಗ್ಲಿಷ್ ಶಬ್ದ ಚೆನ್ನಾಗಿ ಬರುತ್ತವೆ. ಒಂದು ‘ಸರ್ವರ್’, ಇನ್ನೊಂದು ‘ಡೌನ್’. ಪಹಣಿ ತರಲು ಹೋದರೆ ಸರ್ವರ್ ಡೌನ್. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಹೋದರೆ ಸರ್ವರ್ ಡೌನ್. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತರೆ ಸರ್ವರ್ ಡೌನ್. “ಸರ್ವರ್ ಡೌನ್ ಆಗ್ಯಾದ, ನಾಳಿಗಿ ಬರ್ರಿ” ಅಂದರೆ ಮುಗಿಯಿತು, ಮುಂದೆ ಮಾತಿಲ್ಲ. ಮಳೆ ಬರಲಿಲ್ಲ ಅಂದರೆ ದೇವರನ್ನಾದರೂ ಬೈಯಬಹುದು. ಸರ್ವರನ್ನು ಬೈಯೋಣ ಅಂದರೆ ಅದು ಎಲ್ಲಿ ಕೂತಿದೆ ಅಂತಲೇ ಯಾರಿಗೂ ಗೊತ್ತಿಲ್ಲ!

ಮಾರನೇ ದಿನ ಹೋದರೆ ಅದೇ ಸರ್ವರ್ ಎದ್ದು ಕೂತಿರುತ್ತದೆ. ನಿನ್ನೆ ಯಾಕೆ ಬಿದ್ದಿತ್ತು? ಯಾರು ಎಬ್ಬಿಸಿದರು? ಮತ್ತೆ ಬೀಳದ ಹಾಗೆ ಏನು ಮಾಡಿದರು? ಕೇಳಿ ನೋಡಿ, ಉತ್ತರ ಸಿಗೋದಿಲ್ಲ. ಬಹಳಷ್ಟು ಸಲ ಅದನ್ನು ಎಬ್ಬಿಸಿದ್ದು ಮನುಷ್ಯನೇ ಆಗಿರೋದಿಲ್ಲ. ಯಾರೋ ಎಂದೋ ಬರೆದು ಬಿಟ್ಟುಹೋದ ಇಪ್ಪತ್ತು-ಮೂವತ್ತು ಸಾಲಿನ ಒಂದು ಶೆಲ್ ಸ್ಕ್ರಿಪ್ಟು ಆಗಿರುತ್ತದೆ. ಇವತ್ತು ನನ್ನ ಜಗಳ ಆ ಸ್ಕ್ರಿಪ್ಟಿನ ಜೊತೆ. ಅದಕ್ಕಿಂತ ಹೆಚ್ಚಾಗಿ, “ಅದು ತಾನಾಗಿ ಏಳುತ್ತಲ್ಲ, ಇನ್ನೇನು ಬೇಕು?” ಅನ್ನುವವರ ಜೊತೆ.

ಕಂಪ್ಯೂಟರಿನ ಗಂಧ ಇಲ್ಲದವರಿಗೆ ಮೊದಲು ಎರಡು ಮಾತು. ಒಂದು ಕಚೇರಿಯ ಕಂಪ್ಯೂಟರು ಇನ್ನೊಂದು ಊರಿನ ಕಂಪ್ಯೂಟರಿನ ಜೊತೆ ಮಾತಾಡಬೇಕಾದರೆ ನಡುವೆ ಒಂದು ಪ್ರೋಗ್ರಾಮು ಸದಾ ಓಡುತ್ತಿರಬೇಕು. ಇದಕ್ಕೆ ಪ್ರಾಸೆಸ್ ಅನ್ನುತ್ತಾರೆ. ಅದು ನಿಂತರೆ ಸಂಪರ್ಕ ಹೋಯಿತು. ರಾತ್ರಿ-ಹಗಲು ಅದನ್ನು ನೋಡುತ್ತ ಕೂರಲು ಆಳಿಲ್ಲ. ಅದಕ್ಕೇ ಒಂದು ಸಣ್ಣ ಸ್ಕ್ರಿಪ್ಟು ಬರೆದು, ಕ್ರಾನ್ ಅನ್ನುವ ವ್ಯವಸ್ಥೆಗೆ ಒಪ್ಪಿಸಿರುತ್ತಾರೆ. ಐದು ನಿಮಿಷಕ್ಕೊಮ್ಮೆ ಅದು ಬಂದು “ಇದ್ದೀಯೇನಪಾ?” ಅಂತ ಕೂಗುತ್ತದೆ. ಉತ್ತರ ಬಂದರೆ ಹೋಗುತ್ತದೆ, ಬರದಿದ್ದರೆ ಆ ಪ್ರಾಸೆಸ್ಸನ್ನು ಕೊಂದು ಹೊಸದನ್ನು ಎಬ್ಬಿಸುತ್ತದೆ. ಸುಗ್ಗಿಯಲ್ಲಿ ಹೊಲ ಕಾಯಲು ಆಳು ಇಟ್ಟ ಹಾಗೆ.

ವಿಚಾರ ಒಳ್ಳೆಯದೇ. ಆದರೆ ಆ ಆಳು ಏನು ಮಾಡುತ್ತಿದ್ದಾನೆ ಅಂತ ಯಾರಾದರೂ ನೋಡುತ್ತಾರೆಯೇ? ನನ್ನ ಅನುಭವದಲ್ಲಿ, ಇಲ್ಲ.

ನನ್ನ ಹೊಟ್ಟೆಪಾಡು ಲಿನಕ್ಸ್ ಯಂತ್ರಗಳ ರಿಪೇರಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಗಿರಾಕಿಗಳಿದ್ದಾರೆ. ಅದರಲ್ಲೊಂದು, ರೈತರ ಹಣದ ವ್ಯವಹಾರ ಮಾಡುವ ಒಂದು ಸಂಸ್ಥೆ. (ಹೆಸರು ಬೇಡ. ಹೆಸರು ಹೇಳಿದರೆ ಬೇರೆಯವರೆಲ್ಲ ‘ನಮ್ಮದಲ್ಲ ಬಿಡಿ’ ಅಂತ ನಿರಾಳವಾಗಿ ಮಲಗುತ್ತಾರೆ!) ಮುಖ್ಯ ಕಚೇರಿ ಯಾದಗಿರಿಯಲ್ಲಿ, ಶಾಖೆಗಳು ಶಹಾಪುರ, ಸುರಪುರದಲ್ಲಿ. ಶಾಖೆಯ ಯಂತ್ರ ಓಪನ್‌ವಿಪಿಎನ್ ಅನ್ನುವ ತಂತ್ರಾಂಶದಿಂದ ಯಾದಗಿರಿಯ ಯಂತ್ರಕ್ಕೆ ಒಂದು ಸುರಂಗ ಹಾಕಿಕೊಂಡಿರುತ್ತದೆ. ಸುರಂಗ ಮುಚ್ಚಿದರೆ ಶಾಖೆಯಲ್ಲಿ ಒಂದು ರೂಪಾಯಿ ವ್ಯವಹಾರವೂ ಆಗೋದಿಲ್ಲ.

ಸುರಪುರ ಶಾಖೆಯ ಸುರಂಗ ವಾರಕ್ಕೆ ಎರಡು-ಮೂರು ದಿನ ಕೈಕೊಡುತ್ತಿತ್ತು. ಪೂರ್ತಿ ನಿಲ್ಲುತ್ತಲೂ ಇರಲಿಲ್ಲ. ಒಂದು ನಿಮಿಷ ಇರೋದು, ಒಂದು ನಿಮಿಷ ಹೋಗೋದು. ಗುಮಾಸ್ತ ಖಾತೆ ನಂಬರು ಒತ್ತಿ, ಮೊತ್ತ ಒತ್ತಿ, ಸರಿ ಅನ್ನುವಷ್ಟರಲ್ಲಿ ಪರದೆ ಗರ ಬಡಿದ ಹಾಗೆ ನಿಂತುಬಿಡುತ್ತಿತ್ತು. ಎದುರಿಗೆ ಸಾಲು. ಕಕ್ಕೇರಾದಿಂದ, ಕೆಂಭಾವಿಯಿಂದ ಮುಂಜಾನೆಯೇ ಬುತ್ತಿ ಕಟ್ಟಿಕೊಂಡು ಬಂದವರು. ನಾನು ಹೋದ ದಿನ ಒಬ್ಬ ಅಜ್ಜಿ ಹೇಳಿದ ಮಾತು ಇದು: “ಬಸ್ಸೇನೋ ಪುಕ್ಕಟ ಅದ ಯಪ್ಪಾ, ಆದ್ರ ಮೂರು ದಿನದ ಕೂಲಿ ಹೋತಲ್ಲ, ಅದನ್ಯಾರು ಕೊಡ್ತಾರ?” 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನ ಖರ್ಚು ಉಳಿಯಿತು, ನಿಜ. ಹೋದ ದಿನವನ್ನು ಯಾವ ಬಸ್ಸೂ ವಾಪಸು ತರೋದಿಲ್ಲ.

ಸಾಹೇಬರನ್ನು ಕೇಳಿದೆ. “ಅದಕ್ಕ ಆಟೋಮ್ಯಾಟಿಕ್ ಸ್ಕ್ರಿಪ್ಟ್ ಹಾಕ್ಯಾರ್ರೀ. ಬಿದ್ರ ತಾನ ಏಳ್ತದ. ನೀವು ಬರೇ ಸ್ಪೀಡ್ ಕಡಿಮಿ ಯಾಕಾಗ್ಯಾದ ನೋಡ್ರಿ” ಅಂದರು.

ಸರಿ, ಸ್ಕ್ರಿಪ್ಟು ತೆಗೆದು ಓದಿದೆ. ಹಳೆಯ ಮನೆಯ ಗೋಡೆ ಕೆರೆದರೆ ಸುಣ್ಣದ ಕೆಳಗೆ ಸುಣ್ಣ ಸಿಗುವಂತೆ, ಒಬ್ಬರ ತೇಪೆಯ ಮೇಲೆ ಇನ್ನೊಬ್ಬರ ತೇಪೆ. ಒಂದೊಂದಾಗಿ ಹೇಳುತ್ತೇನೆ. ಈ ಕೆಲಸದಲ್ಲಿರುವ ಹುಡುಗರು ಗಮನವಿಟ್ಟು ಓದಿ, ಇದೇ ತೇಪೆಗಳು ನಿಮ್ಮ ಕಚೇರಿಯಲ್ಲೂ ಇರಬಹುದು.

೧. ತನ್ನನ್ನೇ ಹುಡುಕಿಕೊಳ್ಳುವವನು. ಮೊದಲ ತೇಪೆ ಹಾಕಿದವರು ಪಿಎಸ್ ಆಜ್ಞೆಯಿಂದ ಓಡುತ್ತಿರುವ ಎಲ್ಲ ಪ್ರಾಸೆಸ್ಸುಗಳ ಪಟ್ಟಿ ತೆಗೆದು, ಅದರಲ್ಲಿ ‘ಓಪನ್‌ವಿಪಿಎನ್’ ಅನ್ನುವ ಹೆಸರನ್ನು ಗ್ರೆಪ್‌ನಿಂದ ಹುಡುಕಿದ್ದರು. ತಮಾಷೆ ಏನೆಂದರೆ, ಹಾಗೆ ಹುಡುಕುವ ಗ್ರೆಪ್ ಕೂಡ ಒಂದು ಪ್ರಾಸೆಸ್ಸು, ಅದರ ಆಜ್ಞೆಯ ಸಾಲಿನಲ್ಲೂ ಆ ಹೆಸರು ಇರುತ್ತದೆ! ಹಾಗಾಗಿ ಗ್ರೆಪ್ ತನ್ನನ್ನೇ ಕಂಡು “ಸಿಕ್ಕಿತು, ಜೀವಂತ ಇದೆ” ಅನ್ನುತ್ತದೆ. ನಿಜವಾದ ಪ್ರಾಸೆಸ್ಸು ಸತ್ತು ಮೂರು ದಿನವಾಗಿದ್ದರೂ ಉತ್ತರ ‘ಜೀವಂತ’. ಶೆಲ್ ಸ್ಕ್ರಿಪ್ಟಿನ ಲೋಕದಲ್ಲಿ ಇದಕ್ಕಿಂತ ಹಳೆಯ ಜೋಕು ಬಹುಶಃ ಇಲ್ಲ. ಕೆಲವರು ಇದನ್ನು ಸರಿಮಾಡುತ್ತೇನೆ ಅಂತ ಪಿಗ್ರೆಪ್ ಬಳಸುತ್ತಾರೆ. ಅದು ತನ್ನನ್ನು ತಾನು ಬಿಟ್ಟು ಹುಡುಕುತ್ತದೆ, ನಿಜ. ಆದರೆ ಇಡೀ ಆಜ್ಞೆಯ ಸಾಲನ್ನು ಹುಡುಕು ಅಂತ ಹೇಳಿ, ಸ್ಕ್ರಿಪ್ಟಿಗೇ ‘ಚೆಕ್-ಓಪನ್‌ವಿಪಿಎನ್’ ಅಂತ ಹೆಸರಿಟ್ಟರೆ, ಆಗ ಸ್ಕ್ರಿಪ್ಟೇ ಸಿಕ್ಕಿಬೀಳುತ್ತದೆ. ಕಥೆ ಅದೇ, ಪಾತ್ರಧಾರಿ ಬೇರೆ.

೨. ಊರಿಗೆ ಫೋನ್ ಮಾಡಿ ಮನೆ ವಿಚಾರಿಸುವವನು. ಮೊದಲನೆಯದು ಕೆಲಸ ಮಾಡುತ್ತಿಲ್ಲ ಅಂತ ಯಾರಿಗೋ ಗೊತ್ತಾಗಿದೆ. ಅದನ್ನು ಸರಿಪಡಿಸುವ ಬದಲು ಎರಡನೇ ತೇಪೆ ಹಾಕಿದ್ದಾರೆ. ಗೂಗಲ್‌ನ 8.8.8.8 ವಿಳಾಸಕ್ಕೆ ಒಂದೇ ಒಂದು ಪಿಂಗ್. ಉತ್ತರ ಬರದಿದ್ದರೆ ಸುರಂಗವನ್ನು ಕೊಲ್ಲು. ಆದರೆ ಆ ಪಿಂಗ್ ಹೋಗುವುದು ಸುರಂಗದೊಳಗಿಂದ ಅಲ್ಲವೇ ಅಲ್ಲ, ಹೊರಗಿನ ದಾರಿಯಲ್ಲಿ! ಯಾದಗಿರಿಯ ದಾರಿ ಮುಚ್ಚಿದ್ದರೂ ಗೂಗಲ್ ಉತ್ತರ ಕೊಡುತ್ತದೆ, ಸ್ಕ್ರಿಪ್ಟು “ಎಲ್ಲ ಸರಿ ಇದೆ” ಅನ್ನುತ್ತದೆ. ಇನ್ನೊಂದು ಕಡೆ, ಸುರಂಗ ಗಟ್ಟಿಮುಟ್ಟಾಗಿರುವಾಗ ಒಂದು ಪಿಂಗ್ ದಾರಿಯಲ್ಲಿ ಕಳೆದುಹೋದರೂ ಸಾಕು, ಇದು ಆರಾಮಾಗಿದ್ದ ಸುರಂಗವನ್ನು ಕತ್ತರಿಸುತ್ತದೆ. ಅಂದರೆ ರೋಗ ಬಂದಾಗ ಸುಮ್ಮನಿರುವುದು, ಆರಾಮಿದ್ದಾಗ ಇಂಜೆಕ್ಷನ್ ಚುಚ್ಚುವುದು. ಎಂಥಾ ಡಾಕ್ಟ್ರು ನೋಡಿ!

೩. ಒಂದೇ ಸೀಟಿಗೆ ಇಬ್ಬರು. ಇದು ನಿಜವಾದ ವಿಷ. ಯಂತ್ರ ಬದಲಾಯಿಸಿದಾಗ ಹೊಸ ಲಿನಕ್ಸ್ ಬಂತು. ಅದರಲ್ಲಿ ಸಿಸ್ಟಂಡಿ ಅನ್ನುವ ಮೇಲ್ವಿಚಾರಕ ಇದ್ದಾನೆ. ಯಂತ್ರ ಚಾಲೂ ಆದ ಕೂಡಲೇ ಓಪನ್‌ವಿಪಿಎನ್‌ನ್ನು ಅವನೇ ಎಬ್ಬಿಸುತ್ತಾನೆ. ಆದರೆ ಹಳೆಯ ಸ್ಕ್ರಿಪ್ಟನ್ನೂ ಹಾಗೇ ತಂದು ಹಾಕಿದ್ದರು. ಅದು ತನ್ನದೇ ಒಂದು ಪಿಡ್ ಫೈಲ್ ಇಟ್ಟುಕೊಂಡಿತ್ತು, ಅಂದರೆ ಪ್ರಾಸೆಸ್ಸಿನ ನಂಬರು ಬರೆದಿಡುವ ಚೀಟಿ. ಯಂತ್ರ ರೀಬೂಟ್ ಆದಾಗ ಚೀಟಿ ಅಳಿಸಿಹೋಗುತ್ತದೆ. ಚೀಟಿ ಇಲ್ಲ ಅಂದರೆ ಪ್ರಾಸೆಸ್ಸೂ ಇಲ್ಲ ಅಂತ ತಿಳಿದು ಸ್ಕ್ರಿಪ್ಟು ಎರಡನೆಯದನ್ನು ಎಬ್ಬಿಸುತ್ತದೆ.

ಈಗ ಸುರಪುರದಿಂದ ಇಬ್ಬರು, ಒಂದೇ ಸರ್ಟಿಫಿಕೇಟು ಹಿಡಿದು ಯಾದಗಿರಿಯ ಬಾಗಿಲು ಬಡಿಯುತ್ತಾರೆ. ಓಪನ್‌ವಿಪಿಎನ್‌ನ ಸಾಮಾನ್ಯ ನಿಯಮ ಏನು? ಒಂದು ಹೆಸರಿಗೆ ಒಂದೇ ಸಂಪರ್ಕ. ಅದೇ ಹೆಸರಿನಲ್ಲಿ ಹೊಸಬ ಬಂದರೆ ಹಳಬ ಹೊರಗೆ. ಹೊರಬಿದ್ದವನಿಗೆ ಸ್ವಲ್ಪ ಹೊತ್ತಿನ ಮೇಲೆ ಅದು ತಿಳಿಯುತ್ತದೆ, ಮತ್ತೆ ಬರುತ್ತಾನೆ. ಈಗ ಒಳಗಿದ್ದವನು ಹೊರಗೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನೂ, ಬಾಗಿಲಿಂದ ಹತ್ತಿ ಕೂತವನೂ ದಿನವಿಡೀ ಜಗ್ಗಾಡಿದ ಹಾಗೆ. ಬಸ್ಸಿನಲ್ಲಾದರೆ ಕಂಡಕ್ಟರ್ ಬಿಡಿಸುತ್ತಾನೆ, ಇಲ್ಲಿ ಬಿಡಿಸುವವರಿಲ್ಲ. ಪರದೆ ಒಂದು ನಿಮಿಷ ಇರೋದು, ಒಂದು ನಿಮಿಷ ಹೋಗೋದು. ಸಾಹೇಬರು ಅದಕ್ಕೆ ಇಟ್ಟ ಹೆಸರು ‘ಸ್ಪೀಡ್ ಕಡಿಮಿ’.

೪. ಬಾಯಿಗೆ ಬಟ್ಟೆ. ಇಷ್ಟೆಲ್ಲ ಆಗುತ್ತಿದ್ದರೂ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಸ್ಕ್ರಿಪ್ಟು ಹೇಳುವ ಪ್ರತಿಯೊಂದು ಮಾತನ್ನೂ, ತಪ್ಪಿನ ಸಂದೇಶಗಳನ್ನೂ ಸೇರಿಸಿ, ಡೆವ್-ನಲ್ ಅನ್ನುವ ತಳವಿಲ್ಲದ ಬಾವಿಗೆ ಸುರಿಯುವಂತೆ ಕ್ರಾನ್ ಸಾಲಿನ ಕೊನೆಯಲ್ಲಿ ಬರೆದಿದ್ದರು. ಎಷ್ಟು ಸಲ ಕೊಂದಿತು, ಎಷ್ಟು ಹೊತ್ತಿಗೆ ಕೊಂದಿತು, ಯಾಕೆ ಕೊಂದಿತು, ಒಂದು ಅಕ್ಷರದ ಗುರುತಿಲ್ಲ.

ನಾನು ಮಾಡಿದ ಮೊದಲ ಕೆಲಸ ಬಹಳ ಸಣ್ಣದು. ಕೊಲ್ಲುವ ಸಾಲಿಗೆ ಮುಂಚೆ ಒಂದೆರಡು ಸಾಲು ಸೇರಿಸಿದೆ. ಈಗಿನ ಹೊತ್ತು ಬರೆ. ಯಂತ್ರ ಎದ್ದು ಎಷ್ಟು ಹೊತ್ತಾಯಿತು ಬರೆ. ಆ ಹೆಸರಿನ ಎಷ್ಟು ಪ್ರಾಸೆಸ್ಸು ಓಡುತ್ತಿವೆ ಬರೆ. ಯಾವ ಪರೀಕ್ಷೆಯಲ್ಲಿ ಫೇಲಾಯಿತು ಬರೆ. ಆಮೇಲೆ ಬೇಕಾದರೆ ಕೊಲ್ಲು. ಅಷ್ಟೇ. ಒಂದು ವಾರ ಬಿಟ್ಟು ಬಂದು ಲಾಗು ಓದಿದರೆ, ಕತೆ ಪುಸ್ತಕದ ಹಾಗೆ ಬಿಡಿಸಿಕೊಂಡಿತು. ಜಗಳ ಶುರುವಾಗುತ್ತಿದ್ದದ್ದು ಪ್ರತಿಸಲವೂ ಯಂತ್ರ ಆಗತಾನೆ ರೀಬೂಟ್ ಆದಾಗ. ರೀಬೂಟ್ ಆಗುತ್ತಿದ್ದದ್ದು ಕರೆಂಟು ಕಣ್ಣು ಮಿಟುಕಿಸಿದಾಗ. ಕರೆಂಟು ಹೋದರೆ ಹಿಡಿದುಕೊಳ್ಳಬೇಕಾದ ಯುಪಿಎಸ್ಸಿನ ಬ್ಯಾಟರಿ ಎಂದೋ ಸತ್ತಿತ್ತು. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಬೆಂಕಿಯಂಥ ಬಿಸಿಲು. ತಗಡಿನ ಕೋಣೆಯಲ್ಲಿ ಬೆಂದ ಬ್ಯಾಟರಿ ಎಷ್ಟು ವರ್ಷ ಬಾಳೀತು?

ನೋಡಿ, ರೋಗ ಒಂದು ಬ್ಯಾಟರಿಯದು. ಅದನ್ನು ಮುಚ್ಚಿಟ್ಟಿದ್ದು, ಮುಚ್ಚಿಟ್ಟಿದ್ದಷ್ಟೇ ಅಲ್ಲ, ಐದು ನಿಮಿಷದ ತೊಂದರೆಯನ್ನು ಇಡೀ ದಿನಕ್ಕೆ ಎಳೆದದ್ದು, ಕಾಯಲು ಇಟ್ಟ ಸ್ಕ್ರಿಪ್ಟು. ಅದು ಇಲ್ಲದೇ ಹೋಗಿದ್ದರೆ ಕರೆಂಟು ಬಂದ ಕೂಡಲೇ ಓಪನ್‌ವಿಪಿಎನ್ ತಾನೇ ಸಂಪರ್ಕ ಹಿಡಿಯುತ್ತಿತ್ತು. ಸಂಪರ್ಕ ತಪ್ಪಿದರೆ ಗಮನಿಸಿ ಮತ್ತೆ ಕಟ್ಟಿಕೊಳ್ಳುವ ಏರ್ಪಾಡು ಅದರೊಳಗೇ ಇದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತಾರಲ್ಲ, ಅಕ್ಷರಶಃ ಅದೇ.

ಬ್ಯಾಟರಿ ಹಾಕಿಸಿ, ಹಳೆಯ ಸ್ಕ್ರಿಪ್ಟು ಕಿತ್ತು, ಇಡೀ ಉಸ್ತುವಾರಿ ಸಿಸ್ಟಂಡಿಗೇ ಬಿಡೋಣ ಅಂತ ಬರೆದುಕೊಟ್ಟೆ. ಸಾಹೇಬರ ಉತ್ತರ: “ತಾನ ಏಳ್ತದಲ್ರೀ, ಮತ್ತ ಯಾಕ ಅದಕ್ಕ ಕೈ ಹಚ್ಚಬೇಕು?”

ಈ ಮಾತೇ ನನಗೆ ಸಿಟ್ಟು ತರಿಸೋದು. ಇದನ್ನು ಇವರೊಬ್ಬರೇ ಹೇಳುತ್ತಿಲ್ಲ. ಇದು ಒಂದು ಕಾಲದ ಧರ್ಮವೇ ಆಗಿಹೋಗಿದೆ. ಮೊಬೈಲ್ ನಿಂತರೆ ಆಫ್ ಮಾಡಿ ಆನ್ ಮಾಡು. ರೌಟರ್ ನಿಂತರೆ ಪ್ಲಗ್ ಕಿತ್ತು ಹಾಕು. ಹೀಗೆ ಮಾಡಿದಾಗ ಎದ್ದರೆ ‘ಸರಿಹೋಯಿತು’ ಅನ್ನುತ್ತೇವೆ. ಸರಿ ಹೋಗಿರೋದಿಲ್ಲ, ಎದ್ದಿರುತ್ತದೆ ಅಷ್ಟೇ.

ಇದರ ಪರವಾಗಿ ವಾದ ಮಾಡುವವರು ಇದ್ದಾರೆ. ಅವರ ಮಾತನ್ನೂ ಕೇಳೋಣ.

ಒಂದನೇ ವಾದ: “ದೊಡ್ಡ ದೊಡ್ಡವರೂ ರೀಸ್ಟಾರ್ಟನ್ನೇ ನಂಬಿದ್ದಾರೆ.” ಹೌದು. ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಗೆಳೆಯರು 1980ರ ದಶಕದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ಎರ್ಲ್ಯಾಂಗ್ ಭಾಷೆ ಕಟ್ಟಿದರು. ಅವರ ತತ್ವವೇ ‘ಬೀಳುವುದು ಬೀಳಲಿ, ಮೇಲ್ವಿಚಾರಕ ಎಬ್ಬಿಸುತ್ತಾನೆ’. ಆದರೆ ಅರ್ಧ ಓದಬೇಡಿ. ಅಲ್ಲಿ ಮೇಲ್ವಿಚಾರಕನಿಗೆ ಲೆಕ್ಕ ಇದೆ. ಇಷ್ಟು ಹೊತ್ತಿನಲ್ಲಿ ಇಷ್ಟು ಸಲಕ್ಕಿಂತ ಹೆಚ್ಚು ಬಿದ್ದರೆ, ಅವನು ಕೈಚೆಲ್ಲಿ ತನ್ನ ಮೇಲಿನವನಿಗೆ ದೂರು ಒಯ್ಯಬೇಕು. ಹಳೆಯ ಯುನಿಕ್ಸ್-ಲಿನಕ್ಸ್‌ನ ಇನಿಟ್‌ಗೂ ಈ ಬುದ್ಧಿ ಇತ್ತು. ಎರಡು ನಿಮಿಷದಲ್ಲಿ ಹತ್ತು ಸಲಕ್ಕಿಂತ ಹೆಚ್ಚು ಎಬ್ಬಿಸಬೇಕಾಗಿ ಬಂದರೆ, ‘ಇದು ಬಹಳ ಬೇಗ ಬೇಗ ಬೀಳುತ್ತಿದೆ’ ಅಂತ ಸಂದೇಶ ಬರೆದು, ಐದು ನಿಮಿಷ ಕೈಬಿಡುತ್ತಿತ್ತು. ಈಗಿನ ಸಿಸ್ಟಂಡಿಯಲ್ಲೂ ಇಂಥ ಮಿತಿ ಇದೆ. ಅಷ್ಟು ದಶಕಗಳ ಹಿಂದಿನವರಿಗೆ ತಿಳಿದಿದ್ದು ನಮ್ಮ ಇಪ್ಪತ್ತು ಸಾಲಿನ ಪಂಡಿತರಿಗೆ ತಿಳಿಯಲಿಲ್ಲವೇ?

1969ರ ಜುಲೈ 20ರಂದು ಅಪೋಲೋ 11 ಚಂದ್ರನ ಮೇಲೆ ಇಳಿಯುವಾಗಲೂ ಅದರ ಕಂಪ್ಯೂಟರು ಕೆಲಸದ ಹೊರೆ ಹೆಚ್ಚಾಗಿ ಮತ್ತೆ ಮತ್ತೆ ಮರುಚಾಲನೆ ಆಯಿತು. ಆದರೆ ಗುಟ್ಟಾಗಿ ಆಗಲಿಲ್ಲ. ಪ್ರತಿಸಲವೂ 1202, 1201 ಅಂತ ಎಚ್ಚರಿಕೆಯ ಅಂಕಿಗಳನ್ನು ಗಗನಯಾತ್ರಿಗಳ ಕಣ್ಣೆದುರೇ ತೋರಿಸಿತು. ಮುಖ್ಯ ಕೆಲಸ ಉಳಿಸಿಕೊಂಡು ಉಳಿದದ್ದನ್ನು ಬಿಟ್ಟಿತು. ಭೂಮಿಯ ಮೇಲಿದ್ದವರು ಆ ಅಂಕಿಯ ಅರ್ಥ ತಿಳಿದು ‘ಮುಂದುವರಿಯಿರಿ’ ಅಂದರು. ಒಳ್ಳೆಯ ರೀಸ್ಟಾರ್ಟ್ ಅಂದರೆ ಇದು. ಅದು ಕೂಗಿ ಹೇಳುತ್ತದೆ.

ಗುಟ್ಟಿನ ರೀಸ್ಟಾರ್ಟಿಗೂ ಉದಾಹರಣೆ ಇದೆ, ಅದು ರಕ್ತದ್ದು. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಾಟ್ ಕ್ಷಿಪಣಿ ವ್ಯವಸ್ಥೆಯ ತಂತ್ರಾಂಶದಲ್ಲಿ ಹೊತ್ತಿನ ಲೆಕ್ಕದ ಒಂದು ಸಣ್ಣ ದೋಷ ಇತ್ತು. ಹೆಚ್ಚು ಹೊತ್ತು ಓಡಿದಷ್ಟೂ ದೋಷ ಬೆಳೆಯುತ್ತಿತ್ತು. ರೀಬೂಟ್ ಮಾಡಿದರೆ ಮತ್ತೆ ಸೊನ್ನೆ. ಬಹಳ ಹೊತ್ತು ಓಡಿಸಬೇಡಿ ಅಂತ ಬಳಕೆದಾರರಿಗೆ ಸೂಚನೆಯೂ ಹೋಯಿತು. ಬಹಳ ಹೊತ್ತು ಅಂದರೆ ಎಷ್ಟು ಅಂತ ಮಾತ್ರ ಹೇಳಿರಲಿಲ್ಲ. ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿದ್ದ ಯಂತ್ರ 100 ಗಂಟೆಗೂ ಹೆಚ್ಚು ಓಡಿತ್ತು, ಗಡಿಯಾರ ಸುಮಾರು ಮೂರನೇ ಒಂದು ಸೆಕೆಂಡು ತಪ್ಪಿತ್ತು. ಬಂದ ಸ್ಕಡ್ ಕ್ಷಿಪಣಿಯನ್ನು ಅದು ತಡೆಯಲಿಲ್ಲ, 28 ಸೈನಿಕರು ಸತ್ತರು. ಸರಿಪಡಿಸಿದ ತಂತ್ರಾಂಶ ಅಲ್ಲಿಗೆ ತಲುಪಿದ್ದು ಮಾರನೇ ದಿನ. ನಮ್ಮ ಸುರಪುರದಲ್ಲಿ ಯಾರೂ ಸಾಯಲಿಲ್ಲ, ನಿಜ. ಯಾರೂ ಸಾಯಲಿಲ್ಲ ಅನ್ನುವುದೇ ಅಳತೆಗೋಲಾದರೆ ಮಾತಾಡಿ ಪ್ರಯೋಜನವಿಲ್ಲ.

ಎರಡನೇ ವಾದ: “ನಮ್ಮಲ್ಲಿ ಎಂಜಿನಿಯರು ಇಲ್ಲ. ಕಲಬುರಗಿಯಿಂದಲೋ ಬೆಂಗಳೂರಿನಿಂದಲೋ ಬರಬೇಕು. ಅಲ್ಲಿಯವರೆಗೆ ರೀಸ್ಟಾರ್ಟೇ ಗತಿ.” ಇದು ಬಲವಾದ ವಾದ, ಒಪ್ಪುತ್ತೇನೆ. ಬೆಂಗಳೂರು ನಮಗೆ ಐನೂರು ಕಿಲೋಮೀಟರಿನ ಆಸುಪಾಸು. ಯಾದಗಿರಿ ಜಿಲ್ಲೆಯಾದದ್ದೇ 2009ರ ಡಿಸೆಂಬರ್ ಕೊನೆಗೆ. 371ಜೆ ವಿಶೇಷ ಸ್ಥಾನಮಾನ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಬಂತು. ಕೈಯಲ್ಲಿ ಕೆಲಸ ಇರುವ ಹುಡುಗರು ಮಾತ್ರ ರೈಲು ಹತ್ತಿ ಹೋಗುವುದು ನಿಂತಿಲ್ಲ. ಆದರೆ ಎಂಜಿನಿಯರು ದೂರ ಇದ್ದಾನೆ ಅನ್ನುವುದೇ ಲಾಗು ಬರೆಯಲು ಕಾರಣ, ಬರೆಯದಿರಲು ಅಲ್ಲ! ಬೆಂಗಳೂರಲ್ಲಾದರೆ ಪಕ್ಕದ ಬೀದಿಯಿಂದ ಎದ್ದು ಬಂದು ನೋಡುತ್ತಾನೆ. ಇಲ್ಲಿಗೆ ಬರುವವನು ಬರುವಷ್ಟರಲ್ಲಿ ಸ್ಕ್ರಿಪ್ಟು ಎಲ್ಲವನ್ನೂ ಎಬ್ಬಿಸಿ, ಗುರುತು ಅಳಿಸಿ, ಏನೂ ಆಗಿಲ್ಲದ ಹಾಗೆ ಕೂತಿರುತ್ತದೆ. ಅವನು “ಈಗ ಸರಿ ಇದೆಯಲ್ಲ” ಅಂತ ಬಿಲ್ಲು ಬರೆದು ಹೋಗುತ್ತಾನೆ. ದೂರದ ಊರಿಗೆ ಕಾಗದವೇ ಕಣ್ಣು. ರೋಗಿ ಕಲಬುರಗಿ ಆಸ್ಪತ್ರೆಗೆ ಹೋಗುವಾಗ ಇಲ್ಲಿನ ಚೀಟಿ ಕೈಯಲ್ಲಿ ಕೊಟ್ಟು ಕಳಿಸುವುದಿಲ್ಲವೇ?

ಮೂರನೇ ವಾದ: “ಐದು ನಿಮಿಷ ಹೋದರೆ ಯಾರಿಗೇನು ನಷ್ಟ?” ಇದಕ್ಕೆ ಸ್ವಲ್ಪ ಬಿಡಿಸಿ ಹೇಳಬೇಕು, ನನ್ನ ಮುಖ್ಯ ತಕರಾರು ಇಲ್ಲೇ ಇರೋದು.

ಕರ್ನಾಟಕದಲ್ಲಿ ಸಕಾಲ ಅನ್ನುವ ಒಳ್ಳೆಯ ಕಾಯ್ದೆ ಇದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ರಾಜ್ಯಾದ್ಯಂತ ಜಾರಿಗೆ ಬಂತು. ಅರ್ಜಿ ಕೊಟ್ಟರೆ 15 ಅಂಕಿಯ ಒಂದು ಸಂಖ್ಯೆ ಸಿಗುತ್ತದೆ. ಇಷ್ಟು ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಬಹಳ ಚೆಂದ. ಆದರೆ ಆ ಸಂಖ್ಯೆ ಹುಟ್ಟುವುದು ಎಲ್ಲಿ? ಅರ್ಜಿ ಕಂಪ್ಯೂಟರಿನೊಳಗೆ ಹೋದ ಮೇಲೆ. ಸರ್ವರ್ ಡೌನ್ ಆದರೆ ಅರ್ಜಿಯೇ ಒಳಗೆ ಹೋಗೋದಿಲ್ಲ. ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದಿದ್ದರೆ ಗಡಿಯಾರ ಶುರುವಾಗಲಿಲ್ಲ. ಗಡಿಯಾರ ಶುರುವಾಗದಿದ್ದರೆ ವಿಳಂಬವೂ ಇಲ್ಲ! ನೀವು ಮೂರು ದಿನ ಬಂದು ಹೋದಿರಿ ಅನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ಕಾಯ್ದೆಯ ಕಣ್ಣಿನಲ್ಲಿ ನೀವು ಬಂದೇ ಇಲ್ಲ.

ಡೆವ್-ನಲ್‌ಗೆ ಸುರಿದ ಲಾಗು ಮತ್ತು ಸರ್ವರ್ ಡೌನ್ ಅಂತ ವಾಪಸು ಕಳಿಸಿದ ಅಜ್ಜಿ, ಎರಡೂ ಒಂದೇ. ಬರೆದಿಡದೇ ಹೋದರೆ ಆಗಲೇ ಇಲ್ಲ ಅಂತ ಲೆಕ್ಕ. ಸ್ಕ್ರಿಪ್ಟು ಗುಟ್ಟಾಗಿ ಎಬ್ಬಿಸುವುದರಿಂದ ಯಂತ್ರಕ್ಕೆ ಆಗುವ ನಷ್ಟ ಹಾಗಿರಲಿ. ನಿಜವಾದ ನಷ್ಟ ಏನೆಂದರೆ, ಬಿದ್ದದ್ದರ ಸಾಕ್ಷಿ ಅಳಿಸಿಹೋಗುತ್ತದೆ. ಸಾಕ್ಷಿ ಇಲ್ಲದ ಮೇಲೆ ಸಾಹೇಬರು ಮೀಟಿಂಗಿನಲ್ಲಿ “ನಮ್ಮ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ” ಅಂತ ಧೈರ್ಯವಾಗಿ ಹೇಳಬಹುದು, ಬ್ಯಾಟರಿಗೆ ಹಣ ಕೇಳುವ ಕಾಗದಕ್ಕೆ ಆಧಾರವೂ ಇರೋದಿಲ್ಲ. ರಸ್ತೆಯಲ್ಲಿ ತಗ್ಗು ಬಿದ್ದರೆ ಶಹಾಪುರದಿಂದ ಯಾದಗಿರಿಗೆ ಬರುವ ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಬೈಯುತ್ತಾರೆ, ಕೊನೆಗೊಂದು ದಿನ ಯಾರಾದರೂ ಮುಚ್ಚುತ್ತಾರೆ. ತಂತಿಯೊಳಗಿನ ತಗ್ಗು ಯಾರಿಗೂ ಕಾಣೋದಿಲ್ಲ, ಅದರ ಮೇಲೆ ಸ್ಕ್ರಿಪ್ಟು ಹುಲ್ಲು ಮುಚ್ಚಿರುತ್ತದೆ.

ನೋಡಿದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕುಸಿದು ಉಪನೋಂದಣಿ ಕಚೇರಿಗಳ ಮುಂದೆ ಜನ ಪರದಾಡಿದರು. ಎಂದಿನಂತೆ ಜನರ ಬಾಯಲ್ಲಿ ಅದೇ ‘ಸರ್ವರ್ ಡೌನ್’. ಆದರೆ ಬಂದ ಬೇಡಿಕೆಗಳನ್ನು ಕೂತು ನೋಡಿದಾಗ ಬೇರೆಯೇ ಕತೆ. ಋಣಭಾರ ಪತ್ರ ಹುಡುಕುವ ಭಾಗಕ್ಕೆ ನಕಲಿ ಖಾತೆಗಳಿಂದ ಯಾರೋ ಬೇಡಿಕೆಗಳ ಸುರಿಮಳೆ ಸುರಿಸುತ್ತಿದ್ದರು. ಅದು ದಾಳಿ ಅಂತ ಸರ್ಕಾರವೇ ಹೇಳಿತು, ಪೊಲೀಸ್ ದೂರೂ ಆಯಿತು. ಸಾವಿರ ಸಲ ರೀಸ್ಟಾರ್ಟ್ ಮಾಡಿದ್ದರೂ ಅದು ನಿಲ್ಲುತ್ತಿತ್ತೇ? ಎದ್ದ ಮರುಕ್ಷಣ ಮತ್ತೆ ಮಳೆ. ಲಾಗು ಓದಿದ್ದಕ್ಕೆ ಕಳ್ಳ ಕಂಡ.

ಬೈದಿದ್ದಾಯಿತು. ಹಾಗಾದರೆ ಏನು ಮಾಡಬೇಕು? ಇಂಥ ಸ್ಕ್ರಿಪ್ಟು ಬರೆಯುವ ಹುಡುಗರಿಗೆ ನನ್ನ ಮಾತು ಇಷ್ಟು:

- ಕೊಲ್ಲುವ ಮುಂಚೆ ಬರೆದಿಡಿ. ಹೊತ್ತು, ಕಾರಣ, ಆಗಿನ ಸ್ಥಿತಿ. ಹಳೆಯದರ ಮೇಲೆ ಅಳಿಸಿ ಬರೆಯಬೇಡಿ, ಕೆಳಗೆ ಸೇರಿಸುತ್ತ ಹೋಗಿ.

- ಹೆಸರು ಇದೆಯೇ ಅಂತ ನೋಡಬೇಡಿ, ಕೆಲಸ ಆಗುತ್ತಿದೆಯೇ ನೋಡಿ. ಸುರಂಗದ ಆ ಕಡೆಯ ಯಂತ್ರವನ್ನೇ ಮಾತಾಡಿಸಿ, ಇಷ್ಟು ಸೆಕೆಂಡಿನೊಳಗೆ ಉತ್ತರ ಬರಬೇಕು ಅಂತ ಮಿತಿ ಹಾಕಿ. ಗುಮಾಸ್ತನಿಗೆ ಬೇಕಾದದ್ದು ಯಾದಗಿರಿ, ಗೂಗಲ್ ಅಲ್ಲ.

- ಒಂದು ಸಲ ಉತ್ತರ ಬರಲಿಲ್ಲ ಅಂತ ಕೊಲ್ಲಬೇಡಿ. ಮೂರು ಸಲ ಸತತವಾಗಿ ಬರದಿದ್ದರೆ ನೋಡೋಣ.

- ಒಂದು ಪ್ರಾಸೆಸ್ಸಿಗೆ ಒಬ್ಬನೇ ಯಜಮಾನ. ಸಿಸ್ಟಂಡಿ ಇದ್ದರೆ ಅವನಿಗೇ ಬಿಡಿ, ಪಕ್ಕದಲ್ಲಿ ಇನ್ನೊಂದು ಸಂಸಾರ ಹೂಡಬೇಡಿ. ಸ್ಕ್ರಿಪ್ಟೇ ಬೇಕಾದರೆ ಎಫ್‌ಲಾಕ್ ಹಾಕಿ, ಒಂದು ಮುಗಿಯುವ ಮುಂಚೆ ಇನ್ನೊಂದು ಶುರುವಾಗದಿರಲಿ.

- ಕೈಯಿಂದ ಓಡಿಸಿ ನೋಡಿ ‘ಆಯಿತು’ ಅನ್ನಬೇಡಿ. ಕ್ರಾನ್‌ನ ಪರಿಸರ ಬೇರೆ, ಅದಕ್ಕೆ ನಿಮಗೆ ಗೊತ್ತಿರುವ ದಾರಿಗಳೆಲ್ಲ ಗೊತ್ತಿರೋದಿಲ್ಲ. ಪ್ರತಿ ಆಜ್ಞೆಗೂ ಪೂರ್ತಿ ವಿಳಾಸ ಕೊಡಿ.

- ಲೆಕ್ಕ ಇಡಿ. ಗಂಟೆಗೆ ಮೂರು ಸಲಕ್ಕಿಂತ ಹೆಚ್ಚು ಬಿದ್ದರೆ ಎಬ್ಬಿಸುವುದನ್ನು ನಿಲ್ಲಿಸಿ, ಒಬ್ಬ ಮನುಷ್ಯನ ಫೋನಿಗೆ ಸಂದೇಶ ಕಳಿಸಿ. ಬೈಸಿಕೊಳ್ಳಲು ಒಬ್ಬ ಮನುಷ್ಯ ಇರಲೇಬೇಕು.

ಇವೆಲ್ಲ ಸೇರಿ ಒಂದು ಮಧ್ಯಾಹ್ನದ ಕೆಲಸ. ದುಡ್ಡಿನ ಪ್ರಶ್ನೆಯೇ ಇಲ್ಲ.

ಇನ್ನು ಸಾಹೇಬರುಗಳಿಗೆ. ಸರ್ಕಾರಿಯೋ ಖಾಸಗಿಯೋ ಸಹಕಾರಿಯೋ, ಜನ ಸಾಲು ನಿಲ್ಲುವ ಪ್ರತಿ ಕಚೇರಿಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿ. ಅದರ ಮೇಲೆ ದಿನಾ ಸಂಜೆ ಸೀಮೆಸುಣ್ಣದಲ್ಲಿ ಬರೆಯಿರಿ: ಇವತ್ತು ಸಂಪರ್ಕ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಇರಲಿಲ್ಲ, ಕಾರಣ ಏನು, ಎಷ್ಟು ಜನ ವಾಪಸು ಹೋದರು. ವಾಪಸು ಹೋದವರಿಗೆ ದಿನಾಂಕ ಹಾಕಿ, ಸಹಿ ಮಾಡಿ ಒಂದು ಚೀಟಿ ಕೊಡಿ. ನಾಳೆ ಅವರದೇ ಮೊದಲ ಪಾಳಿ. ಸಕಾಲದ ಗಡಿಯಾರವೂ ಆ ಚೀಟಿಯ ದಿನದಿಂದಲೇ ಶುರುವಾಗಲಿ. ಒಂದು ತಿಂಗಳು ಹಾಗೆ ಮಾಡಿ ನೋಡಿ, ಎಂದೋ ಸತ್ತ ಬ್ಯಾಟರಿಗಳೆಲ್ಲ ಎಷ್ಟು ಬೇಗ ಬದಲಾಗುತ್ತವೆ ಅಂತ!

“ಅದೆಲ್ಲ ಆಗೋ ಮಾತೇನ್ರೀ?” ಅನ್ನುವವರಿಗೆ ನನ್ನದೊಂದು ಮರುಪ್ರಶ್ನೆ. ಹತ್ತು ರೂಪಾಯಿ ಕಡಿಮೆ ಬಿದ್ದರೆ ಸಂಜೆ ಲೆಕ್ಕ ತಾಳೆಯಾಗುವವರೆಗೆ ಗುಮಾಸ್ತನನ್ನು ಮನೆಗೆ ಬಿಡೋದಿಲ್ಲ ನೀವು. ಐವತ್ತು ಜನರ ದಿನಗೂಲಿ ಕಳೆದುಹೋದರೆ ಅದು ಯಾವ ಪುಸ್ತಕದಲ್ಲಿ ಬರೆದಿದೆ, ತೋರಿಸ್ತೀರಾ?